ಗೋರಟಾ: 1948ರ ಮೇ ಮತ್ತು ಸೆಪ್ಟೆಂಬರ್

1948ರ ಮೇ 9 ಭಾನುವಾರ, ಚೈತ್ರ ಬಹುಳ ಅಮಾವಾಸ್ಯೆ. ಇನ್ನೆರಡು ಮೂರು ದಿನಕ್ಕೆ ಬಸವ ಜಯಂತಿ. ಬೀದರ ಸೀಮೆಯಲ್ಲಿ ಅದು ಬಿಡುವಿನ ಕಾಲ. ಬಿಳಿಜೋಳ, ಕಡಲೆ, ಕುಸುಬೆಯ ರಾಶಿ ಮುಗಿದಿರುತ್ತದೆ, ಕಾಳು ಹಗೇವಿಗೆ ಇಳಿದಿರುತ್ತದೆ, ರೋಹಿಣಿ ಮಳೆ ಬೀಳುವುದರೊಳಗೆ ಮದುವೆ ಕಾರ್ಯ ಮುಗಿಸಿಬಿಡಬೇಕೆಂದು ಮನೆ ಮನೆಯಲ್ಲೂ ಓಡಾಟ ನಡೆದಿರುತ್ತದೆ. ಬಸವಕಲ್ಯಾಣ ಸೀಮೆಯ ಗೋರಟಾ ಎಂಬ ಹಳ್ಳಿಯ ಮೇಲೆ ನಿಜಾಮನ ಪರದ ಸ್ವಯಂಸೇವಕ ಪಡೆಯಾದ ರಜಾಕಾರರು ಮುಗಿಬಿದ್ದು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದರೆಂದು ಬರೆದವರಲ್ಲಿ ಹೆಚ್ಚಿನವರು ಕೊಡುವ ತಾರೀಖು ಇದೇ.

ಗೋರಟಾವನ್ನು 'ದಕ್ಷಿಣದ ಜಲಿಯನ್‌ವಾಲಾ ಬಾಗ್' ಎಂದು ಕರೆಯುವುದು ಭಾಷಣಗಳಲ್ಲಿ ರೂಢಿಯಾಗಿದೆ. ಸತ್ತವರಿಗೆ ಗೌರವ ಕೊಡುವ ಉದ್ದೇಶ ಅದರಲ್ಲಿದೆ, ಸರಿ. ಆದರೆ ಹೋಲಿಕೆ ಹೊಂದುವುದಿಲ್ಲ. ಅಮೃತಸರದಲ್ಲಿ ಸರ್ಕಾರದ ಸಂಬಳದ ಸಿಪಾಯಿಗಳು ಹೊರಗಿನಿಂದ ಬಂದು ಅಧಿಕಾರಿಯ ಅಪ್ಪಣೆಯಂತೆ ಗುಂಡು ಹಾರಿಸಿ ಹೊರಟುಹೋದರು. ಗೋರಟಾದ ಮೇಲೆ ಬಂದವರಲ್ಲಿ ಸುತ್ತಲ ಊರುಗಳವರಿದ್ದರು. ಸಂತೆಯಲ್ಲಿ ಕಂಡವರು, ದರ್ಗಾದ ಉರುಸಿನಲ್ಲಿ ಎದುರಾದವರು. ಕೊಂದವನ ಹೆಸರು ಸತ್ತವನ ಮನೆಯವರಿಗೆ ಗೊತ್ತಿರಬಹುದಾದ ಹಿಂಸೆ ಇದು. ಹಾಗಾಗಿಯೇ ಇದರ ಕಥೆ ಮೇ ತಿಂಗಳಲ್ಲಿ ಮುಗಿಯಲಿಲ್ಲ, ಸೆಪ್ಟೆಂಬರಿಗೂ ಹರಿಯಿತು. ಮೇ ತಿಂಗಳದ್ದನ್ನಷ್ಟೇ ಹೇಳುವವರು ಒಂದು ಬಳಗ, ಸೆಪ್ಟೆಂಬರಿನದ್ದನ್ನಷ್ಟೇ ಹೇಳುವವರು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳದ ಹೊರತು ಈ ಸೀಮೆಯ ಹಳ್ಳಿಗಳಿಗೆ ಆ ವರ್ಷ ಏನಾಯಿತೆಂಬುದು ತಿಳಿಯುವುದಿಲ್ಲ.

ಅದಕ್ಕೂ ಮೊದಲು ಹಳ್ಳಿ ಹೇಗಿತ್ತು ಎಂಬುದನ್ನು ನೋಡಬೇಕು. ಹೈದರಾಬಾದ್ ಸಂಸ್ಥಾನದ 16 ಜಿಲ್ಲೆಗಳಲ್ಲಿ ಕನ್ನಡದವು ಮೂರು: ಬೀದರ, ಗುಲಬರ್ಗಾ, ರಾಯಚೂರು. ಅವುಗಳಲ್ಲಿ ಬೀದರ ಪೂರ್ತಿ ಕನ್ನಡದ್ದೂ ಅಲ್ಲ. ಉದಗೀರ, ನಿಲಂಗಾ, ಅಹಮದಪುರದ ಕಡೆ ಮರಾಠಿ, ನಾರಾಯಣಖೇಡ, ಜಹೀರಾಬಾದಿನ ಕಡೆ ತೆಲುಗು, ನಡುವೆ ಭಾಲ್ಕಿ, ಹುಮನಾಬಾದ್, ಕಲ್ಯಾಣಿಯ ಕನ್ನಡ. ಆಗ ಬಸವಕಲ್ಯಾಣದ ಹೆಸರು ಕಲ್ಯಾಣಿ. ಚಾಲುಕ್ಯರ ರಾಜಧಾನಿಯಾಗಿದ್ದ ಊರು ನವಾಬರೊಬ್ಬರ ಜಹಗೀರಾಗಿತ್ತು. ಸಂಸ್ಥಾನದ ನೆಲದಲ್ಲಿ ನೇರವಾಗಿ ಸರ್ಕಾರದ ದಿವಾನಿ ಆಡಳಿತಕ್ಕೆ ಒಳಪಟ್ಟದ್ದು ಸುಮಾರು ನೂರಕ್ಕೆ ಅರವತ್ತು ಮಾತ್ರ. ಉಳಿದದ್ದು ಜಹಗೀರು, ಪಾಯಗಾ, ನಿಜಾಮನ ಸ್ವಂತ ಖರ್ಚಿನ ಸರ್ಫೇಖಾಸ್ ಎಂದು ಹಂಚಿಹೋಗಿತ್ತು. ಈ ಹಳ್ಳಿಯವನ ತಕರಾರನ್ನು ಕೇಳುವ ದಫ್ತರ ಒಂದು ಕಡೆ, ಪಕ್ಕದ ಹಳ್ಳಿಯವನದ್ದು ಇನ್ನೊಂದು ಕಡೆ.

ದಫ್ತರದ ಭಾಷೆ ಉರ್ದು. ಪಟವಾರಿಯ ಲೆಕ್ಕ ಬಹಳ ಕಡೆ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ. ಮನೆಯ ಮಾತು, ಮಠದ ಪುರಾಣ, ಹೊಲದ ಹಾಡು ಕನ್ನಡ. ಇವತ್ತಿಗೂ ಬೀದರದ ಹಿರಿಯರು ಒಂದೇ ವಾಕ್ಯದಲ್ಲಿ ಮೂರು ಭಾಷೆಗಳನ್ನು ತಡವರಿಸದೆ ದಾಟುತ್ತಾರೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ, ಅಂಬಲಿ ಉಣ್ಣುವುದಕ್ಕೆ ಜಾತಿ ಧರ್ಮದ ಲೆಕ್ಕವಿರಲಿಲ್ಲ. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಕುಣಿಯುವವರಲ್ಲಿ ಹಿಂದೂಗಳೇ ಹೆಚ್ಚು. ಕಲ್ಯಾಣಿಯ ರಾಜಾ ಬಾಗ್‌ಸವಾರ್ ದರ್ಗಾಕ್ಕೆ ಎಲ್ಲರೂ ನಡೆದುಕೊಳ್ಳುತ್ತಿದ್ದರು. ಹುಮನಾಬಾದಿನ ಅಂಚಿನ ಮಾಣಿಕನಗರ ಇನ್ನೂ ದೊಡ್ಡ ಸಾಕ್ಷಿ. ಕಲ್ಯಾಣಿ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಅಲ್ಲಿ ಕಟ್ಟಿದ್ದು ಸಕಲಮತ ಸಂಪ್ರದಾಯ, ಅಂದರೆ ಯಾವ ಮತವನ್ನೂ ಅಲ್ಲಗಳೆಯದ ಪಂಥ. 1865ರಲ್ಲಿ ಅವರು ಸಮಾಧಿಯಾದ ಮೇಲೂ ಅಲ್ಲಿಗೆ ಹಿಂದೂ ಮುಸ್ಲಿಂ ಭಕ್ತರು ಒಟ್ಟಿಗೇ ಬರುತ್ತಿದ್ದರು.

ಇದನ್ನೆಲ್ಲ ಹೇಳಿ 'ಆಗ ಎಲ್ಲವೂ ಚೆನ್ನಾಗಿತ್ತು' ಎಂದು ನಿಟ್ಟುಸಿರು ಬಿಡಲು ನನಗೆ ಮನಸ್ಸಿಲ್ಲ. ಆಡಳಿತ, ಪೊಲೀಸು, ನೌಕರಿ ಎಲ್ಲದರಲ್ಲೂ ಜನಸಂಖ್ಯೆಯಲ್ಲಿ ನೂರಕ್ಕೆ ಹದಿಮೂರರಷ್ಟಿದ್ದ ಮುಸ್ಲಿಮರದೇ ಮೇಲುಗೈ. ಹಾಗೆಂದು ಬಡ ಮುಸ್ಲಿಂ ಪಿಂಜಾರನಿಗೋ ಸಾಬರ ಒಕ್ಕಲಿಗನಿಗೋ ಅದರಿಂದ ಸಿಕ್ಕಿದ್ದೇನೂ ಇಲ್ಲ. ಹಳ್ಳಿಯೊಳಗಿನ ಒಡೆತನ ಬಹುತೇಕ ಹಿಂದೂ ದೇಶಮುಖರು, ಪಟೇಲರು, ಸಾಹುಕಾರರದು; ದಲಿತರ ಕೇರಿ ಎಲ್ಲರಿಂದಲೂ ಹೊರಗೆ. ಎರಡನೇ ಮಹಾಯುದ್ಧ ಬಂದಾಗ ಸರ್ಕಾರ ರೈತರ ಮೇಲೆ ಧಾನ್ಯದ ಲೆವಿ ಹೇರಿತು. ಲೆವಿ ವಸೂಲಿಗೆ ಬರುವ ಗಿರದಾವರ, ಅವನ ಹಿಂದೆ ಪೊಲೀಸು, ಇಬ್ಬರಿಗೂ ಉಪಚಾರ ಮಾಡುವ ಪಟೇಲ: ರೈತನ ಸಿಟ್ಟಿಗೆ ಗುರಿಗಳು ಹಲವು ಇದ್ದವು. ಆ ಸಿಟ್ಟು ಧರ್ಮದ ಗೆರೆಯ ಮೇಲೆಯೇ ಸೀಳಬೇಕೆಂಬ ನಿಯಮವೇನೂ ಇರಲಿಲ್ಲ. ತೆಲಂಗಾಣದಲ್ಲಿ ಅದು ಜಮೀನ್ದಾರರ ವಿರುದ್ಧ ರೈತರ ಸಶಸ್ತ್ರ ಹೋರಾಟವಾಗಿ ಬೆಳೆಯಿತು. ಬೀದರದಲ್ಲಿ ಬೇರೆ ದಾರಿ ಹಿಡಿಯಿತು.

ಆ ದಾರಿ ತೆರೆದುಕೊಂಡದ್ದು ಮೂವತ್ತರ ದಶಕದಲ್ಲಿ. 1927ರಲ್ಲಿ ಹುಟ್ಟಿದ ಇತ್ತೆಹಾದುಲ್ ಮುಸ್ಲಿಮೀನ್ ಮೊದಲಿಗೆ ಸಾಂಸ್ಕೃತಿಕ ಸಂಘಟನೆಯಂತಿತ್ತು. ಬಹಾದ್ದೂರ್ ಯಾರ್ ಜಂಗ್ ಅದರ ಮುಖಂಡರಾದ ಮೇಲೆ ಸಂಸ್ಥಾನದ ಸಾರ್ವಭೌಮತ್ವ ನಿಜಾಮನೊಬ್ಬನದಲ್ಲ, ಪ್ರತಿಯೊಬ್ಬ ಮುಸಲ್ಮಾನನದೂ ಹೌದು ಎಂಬ ವಾದ ಬೇರೂರಿತು. ಹೊಟ್ಟೆಗಿಲ್ಲದವನಿಗೆ 'ನೀನೇ ದೊರೆ' ಎಂದರೆ ಅವನಿಗೆ ಸಿಗುವ ಸಮಾಧಾನ ಸಣ್ಣದಲ್ಲ. ಇತ್ತ ಆರ್ಯಸಮಾಜ ಹಳ್ಳಿಹಳ್ಳಿಗೆ ಬಂದಿತ್ತು. ಕುಸ್ತಿ, ಲಾಠಿ, ಶುದ್ಧಿ, ಹವನ ಎಲ್ಲ ಸೇರಿದ ಅದರ ಶಾಖೆಗಳಿಗೆ ಹುಮನಾಬಾದ್, ಉದಗೀರ ಕಡೆಯ ಹುಡುಗರು ಮುಗಿಬಿದ್ದರು. 1938ರಲ್ಲಿ ಕಲ್ಯಾಣಿಯಲ್ಲೇ ಧರ್ಮಪ್ರಕಾಶ ಎಂಬ ಆರ್ಯಸಮಾಜಿ ಯುವಕನ ಕೊಲೆಯಾಯಿತು. ಅದೇ ವರ್ಷದ ಕೊನೆಯಲ್ಲಿ ಉದಗೀರದ ವಕೀಲ ಭಾಯಿ ಶ್ಯಾಮಲಾಲರು ಬೀದರ ಜೈಲಿನಲ್ಲಿ ತೀರಿಕೊಂಡರು. ಅದೇ ವರ್ಷ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮೊದಲೇ ನಿಷೇಧಕ್ಕೆ ಒಳಗಾಯಿತು. ಮಾತಾಡಲು ಜಾತ್ಯತೀತ ವೇದಿಕೆ ಇಲ್ಲದಾಗ ಜನ ಧರ್ಮದ ವೇದಿಕೆ ಹತ್ತಿದರು. ಈ ನಿಷೇಧದಷ್ಟು ದೂರದ ಪರಿಣಾಮ ಬೀರಿದ ತಪ್ಪು ನಿಜಾಮ ಸರ್ಕಾರ ಇನ್ನೊಂದು ಮಾಡಲಿಲ್ಲ ಎಂದೇ ನನಗನಿಸುತ್ತದೆ.

ಎಲ್ಲರೂ ಲಾಠಿ ಹಿಡಿಯಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಈ ಭಾಗದ ಮಕ್ಕಳಿಗೂ ಬಾಯಿಪಾಠ. ಇನ್ನೊಂದು ಕಡೆ ಲಿಂಗಾಯತರಿಗೆ ಬೇರೆಯದೇ ಕಿರಿಕಿರಿ ಇತ್ತು. ಗುರುಮಠಕಲ್ ಕಡೆಯ ಸಿದ್ದೀಕ್ ಹುಸೇನ್ 1924ರಲ್ಲಿ ತಾನೇ ಚನ್ನಬಸವೇಶ್ವರನ ಅವತಾರವೆಂದು ಸಾರಿ ಕಟ್ಟಿದ ದೀನದಾರ ಪಂಥದವರು ಶರಣರ ಕಾಲಜ್ಞಾನಗಳನ್ನೇ ಉದ್ಧರಿಸುತ್ತ ಮತಪ್ರಚಾರ ನಡೆಸಿದ್ದರು. ಮುಂದೆ ಇವರಲ್ಲಿ ಕೆಲವರು ರಜಾಕಾರರ ಸಾಲಿನಲ್ಲೂ ಕಾಣಿಸಿಕೊಂಡರು. ಗುರುವಿನ ವೇಷದಲ್ಲಿ ಬಂದವನೇ ಈಟಿ ಹಿಡಿದು ಬಂದನೆಂಬ ಗಾಯ ಈ ಭಾಗದ ಹಿರಿಯರ ಮಾತಿನಲ್ಲಿ ಬಹುಕಾಲ ಉಳಿದಿತ್ತು.

1944ರಲ್ಲಿ ಬಹಾದ್ದೂರ್ ಯಾರ್ ಜಂಗ್ ತೀರಿಕೊಂಡರು. ಅವರ ಮಾತುಗಾರಿಕೆಯ ಜೊತೆಗೆ ಒಂದಿಷ್ಟು ವಿವೇಕವೂ ಇತ್ತು. 1946ರ ಕೊನೆಗೆ ಆ ಜಾಗಕ್ಕೆ ಬಂದ ಕಾಸಿಂ ರಜ್ವಿಗೆ ಮಾತುಗಾರಿಕೆ ಮಾತ್ರ ಇತ್ತು. ಆತ ಲಾತೂರಿನ ವಕೀಲ, ಅಂದರೆ ಬೀದರದ ನೆರೆಯವನೇ. ಸಂಘಟನೆಯ ಸ್ವಯಂಸೇವಕರಾದ ರಜಾಕಾರರನ್ನು ಖಾಕಿ ಪಡೆಯಾಗಿ ಬೆಳೆಸಿದ್ದು ಇವನೇ. 1947ರ ಆಗಸ್ಟ್ 7ರಂದು ಸ್ಟೇಟ್ ಕಾಂಗ್ರೆಸ್ಸು ಭಾರತಕ್ಕೆ ಸೇರುವ ಚಳವಳಿ ಆರಂಭಿಸಿತು. ಆಗಸ್ಟ್ 15ರಂದು ಅದರ ಮುಖಂಡ ಸ್ವಾಮಿ ರಮಾನಂದ ತೀರ್ಥರ ಬಂಧನವಾಯಿತು. ದೇಶವೆಲ್ಲ ಬಾವುಟ ಹಾರಿಸುತ್ತಿದ್ದಾಗ ಬೀದರದ ಹಳ್ಳಿಯಲ್ಲಿ ಅದೇ ಬಾವುಟ ಅಪರಾಧವಾಗಿತ್ತು. ನವೆಂಬರ್ 29ರಂದು ಭಾರತ ಸರ್ಕಾರ ಮತ್ತು ನಿಜಾಮರ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ದೆಹಲಿ ಉಸಿರು ಬಿಟ್ಟಿತು. ಹಳ್ಳಿಗಳಿಗೆ ಮಾತ್ರ ಆ ವರ್ಷವೇ ಅತಿ ಕೆಟ್ಟದ್ದಾಯಿತು. ಭಾರತದ ಸೈನ್ಯ ಸಿಕಂದರಾಬಾದಿನಿಂದ ಹೊರಟುಹೋಯಿತು, ನಿಜಾಮನ ಪೊಲೀಸರು ರಜಾಕಾರರಿಗೆ ದಾರಿ ಬಿಟ್ಟರು.

ಆಚೆ ಕಡೆ ಗಡಿಯಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಶಿಬಿರಗಳು ಎದ್ದವು. ಕನ್ನಡಿಗರಿಗೆ ಹೆಚ್ಚು ಗೊತ್ತಿರುವುದು ಮುಂಡರಗಿಯದು; ಬೀದರ, ಉಸ್ಮಾನಾಬಾದಿನವರಿಗೆ ಸೊಲ್ಲಾಪುರ, ಬಾರ್ಸಿ ಕಡೆಯವು ಹತ್ತಿರ. ಶಿಬಿರದ ಯುವಕರು ರಾತ್ರಿ ಗಡಿ ದಾಟಿ ಬಂದು ಸುಂಕದ ನಾಕೆ, ಪೊಲೀಸ್ ಠಾಣೆ ಸುಟ್ಟು ಹೋಗುತ್ತಿದ್ದರು. 1948ರ ಜನವರಿ 30ರಂದು ನಾಂದೇಡದ ಉಮರಿಯಲ್ಲಿ ಬ್ಯಾಂಕನ್ನೇ ಲೂಟಿ ಮಾಡಿ ಹೋರಾಟಕ್ಕೆ ಹಣ ಒಯ್ದರು. ಆಗ ಉಸ್ಮಾನಾಬಾದಿನ ಕಲೆಕ್ಟರಾಗಿದ್ದ ಮೊಹಮ್ಮದ್ ಹೈದರ್ ತಮ್ಮ ನೆನಪಿನ ಪುಸ್ತಕದಲ್ಲಿ ಈ ದಾಳಿಗಳಿಂದ ಗಡಿಯ ಹಳ್ಳಿಗಳು ಪಟ್ಟ ಪಾಡನ್ನು ವಿವರಿಸುತ್ತಾರೆ, ರಜಾಕಾರರನ್ನು ಹತೋಟಿಗೆ ತರಲು ತಾವು ಪಟ್ಟ ಪಾಡನ್ನೂ ಹೇಳುತ್ತಾರೆ. ನಮ್ಮ ಕಡೆಯ ಹೋರಾಟಗಾರರ ನೆನಪುಗಳಲ್ಲಿ ಇವೇ ದಾಳಿಗಳು ಸಾಹಸಗಳು. ಎರಡೂ ಕಡೆಯ ನೆನಪುಗಳನ್ನು ಓದಿದವನಿಗೆ ಒಂದು ವಿಷಯ ಮಾತ್ರ ಖಚಿತವಾಗುತ್ತದೆ: ಶಿಬಿರದವನು ಬೆಳಗಾಗುವುದರೊಳಗೆ ಗಡಿ ದಾಟಿ ಹೋಗುತ್ತಿದ್ದ, ರಜಾಕಾರನ ಸೇಡಿಗೆ ಸಿಗುತ್ತಿದ್ದವನು ಊರಲ್ಲಿ ಉಳಿದ ಒಕ್ಕಲಿಗ.

ಗೋರಟಾದ ಸರದಿ ಬಂದದ್ದು ಹೀಗೆ. ಊರಿನವರು ಹೇಳಿಕೊಂಡು ಬಂದ ಪ್ರಕಾರ ಊರಲ್ಲಿ ತ್ರಿವರ್ಣ ಧ್ವಜ ಏರಿತ್ತು. ಅದನ್ನು ಇಳಿಸಲು, ಊರನ್ನು ಹದ್ದುಬಸ್ತಿಗೆ ತರಲು ಓಡಾಡುತ್ತಿದ್ದ ರಜಾಕಾರ ಮುಂದಾಳುವೊಬ್ಬ ಊರಿನ ಯುವಕರ ಕೈಯಲ್ಲಿ ಸತ್ತ. ಅದಕ್ಕೆ ಉತ್ತರವಾಗಿ ನೂರಾರು ರಜಾಕಾರರು ಊರನ್ನು ಸುತ್ತುಗಟ್ಟಿದರು. ಕತ್ತಿ, ಭರ್ಚಿ, ನಾಡಬಂದೂಕು, ಜೊತೆಗೆ ಸೀಮೆಎಣ್ಣೆ. ಹಿಂಗಾರಿ ಕಾಳು ಮನೆ ಸೇರಿದ ಕಾಲವಾದ್ದರಿಂದ ಸೇಡಿನ ಜೊತೆ ಲೂಟಿಯೂ ಲಾಭದ್ದಾಗಿತ್ತು.

ದಾಳಿಗೆ ಅಡ್ಡವಾಗಿ ನಿಂತದ್ದು ಒಂದು ವಾಡೆ. ಬೀದರ ಸೀಮೆಯ ವಾಡೆ ನೋಡದವರಿಗೆ ಇದನ್ನು ಸ್ವಲ್ಪ ಹೇಳಬೇಕು. ಹೊರಗಿನಿಂದ ಅದು ಮನೆಯಂತೆ ಕಾಣುವುದೇ ಇಲ್ಲ. ಎರಡು ಆಳು ಕೈ ಚಾಚಿ ನಿಲ್ಲುವಷ್ಟು ದಪ್ಪದ ಕಲ್ಲುಮಣ್ಣಿನ ಗೋಡೆ; ಕೆಳಗಿನ ಅಂತಸ್ತಿಗೆ ಕಿಟಕಿ ಎಂಬುದಿಲ್ಲ. ಒಂದೇ ದೊಡ್ಡ ಬಾಗಿಲು, ಅದರ ಹಲಗೆಗೆ ಸಾಲಾಗಿ ಕಬ್ಬಿಣದ ಮೊಳೆ, ಹಿಂದೆ ಗೋಡೆಯ ಹೊಟ್ಟೆಯಿಂದ ಎಳೆದು ತರುವ ಅಗುಳಿಯ ತೊಲೆ. ಒಳಗೆ ಅಂಗಳ, ಬಾವಿ, ದನದ ಕೊಟ್ಟಿಗೆ, ನೆಲದೊಳಗೆ ಹಗೇವು. ಮೇಲಿನ ಮಾಳಿಗೆಯ ಕೈಪಿಡಿ ಗೋಡೆಯಲ್ಲಿ ಹೊರಗೆ ಸಣ್ಣದಾಗಿ ಒಳಗೆ ಅಗಲವಾಗಿ ಕೊರೆದ ತೂತುಗಳು. ಪಿಂಡಾರಿ, ರೋಹಿಲಾರ ಕಾಲದ ನೆನಪು. ದರೋಡೆಯ ಭಯ ಹೋಗಿ ತಲೆಮಾರುಗಳಾಗಿದ್ದರೂ ಯಾರೂ ಆ ತೂತುಗಳನ್ನು ಮುಚ್ಚಿರಲಿಲ್ಲ.

ಗೋರಟಾದಲ್ಲಿ ಇಂಥ ವಾಡೆಯ ಒಡೆಯರು ಡುಮಣೆ ಮನೆತನದ ಮಹಾದಪ್ಪನವರು. ಊರಿನ ದೊಡ್ಡ ಪಾಲು ಹೆಂಗಸರು, ಮಕ್ಕಳು ಅಲ್ಲಿ ಹೊಕ್ಕರು. ಮಹಾದಪ್ಪನವರ ಮನೆಯವರು ಮಾಳಿಗೆಯಿಂದ ಬಂದೂಕು ಹಾರಿಸುತ್ತ ದಾಳಿಕಾರರನ್ನು ಬಾಗಿಲ ಹತ್ತಿರ ಬಿಟ್ಟುಕೊಳ್ಳಲಿಲ್ಲ. ನೂರಾರು ಜನ ಹೀಗೆ ಉಳಿದರು. ವಾಡೆ ಸೇರಲಾಗದವರು ಉಳಿಯಲಿಲ್ಲ. ಮನೆಗಳಿಗೆ ಬೆಂಕಿ ಬಿತ್ತು, ಹಗೇವುಗಳನ್ನು ತೋಡಿದರು. ಹಿಡಿದವರನ್ನು ಲಕ್ಷ್ಮಿ ಗುಡಿಯ ಮುಂದಕ್ಕೆ ಎಳೆದು ತಂದು ಕಡಿದರೆಂಬುದನ್ನು ಬದುಕಿ ಉಳಿದವರು ಮುಂದೆ ದಶಕಗಳ ಕಾಲ ಹೇಳಿದರು. ಸತ್ತವರ ಲೆಕ್ಕ ಎಲ್ಲ ಬರಹಗಳಲ್ಲೂ ಒಂದೇ ಆಗಿಲ್ಲ. ಇನ್ನೂರು ಎಂಬ ಅಂಕೆಯ ಸುತ್ತಮುತ್ತ ಮೇಲೆ ಕೆಳಗೆ ಆಡುತ್ತದೆ. ಸರ್ಕಾರವೇ ಕೊಲೆಗಡುಕರ ಬೆನ್ನಿಗಿದ್ದಾಗ ಪಂಚನಾಮೆ ಬರೆಯುವವರು ಯಾರು? ಉಳಿದವರು ಗಾಯಾಳುಗಳನ್ನು ಗಾಡಿಗೆ ಹೇರಿಕೊಂಡು ಊರು ಬಿಟ್ಟರು. ಆ ಬೇಸಿಗೆಯಲ್ಲಿ ಬೀದರ ಜಿಲ್ಲೆಯಿಂದ ಸೊಲ್ಲಾಪುರದತ್ತ ಹೊರಟ ಗಾಡಿಗಳ ಸಾಲಿಗೆ ಗೋರಟಾದವೂ ಸೇರಿದವು.

ನನ್ನನ್ನು ಯೋಚನೆಗೆ ಹಚ್ಚುವ ಸಂಗತಿ ಇನ್ನೊಂದಿದೆ. ಗೋರಟಾ ನಡೆದು ಎರಡು ವಾರವಾಗುವುದರೊಳಗೆ, ಮೇ 22ರಂದು, ಗುಲಬರ್ಗಾ ಜಿಲ್ಲೆಯ ಗಾಣಗಾಪುರ ರೈಲು ನಿಲ್ದಾಣದಲ್ಲಿ ರೈಲಿನ ಮೇಲೆ ದಾಳಿಯಾಯಿತು. ಸತ್ತವರ ಸಂಖ್ಯೆ ಗೋರಟಾಕ್ಕಿಂತ ಎಷ್ಟೋ ಕಡಿಮೆ. ಆದರೆ ದೆಹಲಿಯಲ್ಲಿ ಗುಡುಗಿದ್ದು ಅದು. ವಿ.ಪಿ. ಮೆನನ್ ಸಂಸ್ಥಾನಗಳ ವಿಲೀನದ ಬಗ್ಗೆ ಬರೆದ ಗ್ರಂಥದಲ್ಲೂ ಗಾಣಗಾಪುರಕ್ಕೆ ಜಾಗ ಸಿಕ್ಕಿತು. ಮುಂಬಯಿ–ಮದ್ರಾಸು ಹಾದಿಯ ರೈಲಿನಲ್ಲಿ ಕೂತವರು ಮರುದಿನ ಪತ್ರಿಕೆಗೆ ಹೇಳಬಲ್ಲರು. ಗೋರಟಾ ರೈಲು ಹಾದಿಯ ಊರಲ್ಲ. ತಂತಿ ಇಲ್ಲ, ಮಳೆಗಾಲದಲ್ಲಿ ಎರೆ ಮಣ್ಣಿನ ದಾರಿಯೂ ಇಲ್ಲ. ಬೀದರದ ಎಷ್ಟು ಹಳ್ಳಿಗಳ ಸುದ್ದಿ ಹೀಗೆ ದಾರಿಯಲ್ಲೇ ಹೂತುಹೋಯಿತೋ. ನಾಲ್ಕು ವರ್ಷ ಮುಂಚೆ, 1944ರ ಜೂನಿನಲ್ಲಿ, ಫ್ರಾನ್ಸಿನ ಒರಡೂರ್ ಎಂಬ ಹಳ್ಳಿಯನ್ನು ಜರ್ಮನ್ ಪಡೆ ಹೀಗೆಯೇ ಸುತ್ತುಗಟ್ಟಿ ಆರು ನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಯುದ್ಧ ಮುಗಿದ ಮೇಲೆ ಫ್ರಾನ್ಸ್ ಆ ಸುಟ್ಟ ಊರನ್ನು ಇದ್ದ ಹಾಗೇ ಕಾಯ್ದಿಟ್ಟಿತು, ಹೊಸ ಊರನ್ನು ಪಕ್ಕದಲ್ಲಿ ಕಟ್ಟಿಸಿತು. ಗೋರಟಾದವರಿಗೆ ಆ ಅನುಕೂಲ ಇರಲಿಲ್ಲ. ಅವರು ಸುಟ್ಟ ತೊಲೆ ತೆಗೆದು ಅದೇ ಜಾಗದಲ್ಲಿ ಮಾಳಿಗೆ ಹೊದಿಸಿಕೊಂಡು ಮುಂಗಾರಿಗೆ ಉದ್ದು, ಹೆಸರು ಬಿತ್ತಬೇಕಾಗಿತ್ತು.

ಮುಂಗಾರು ಕಳೆಯುವುದರೊಳಗೆ ಸಂಸ್ಥಾನದ ಕೊನೆಯೂ ಬಂತು. ಆಗಸ್ಟಿನಲ್ಲಿ ಭಾರತ ಸರ್ಕಾರ ಶ್ವೇತಪತ್ರ ಹೊರಡಿಸಿತು. ಅದೇ ತಿಂಗಳು, ರಜಾಕಾರರನ್ನು ಟೀಕಿಸಿ ಬರೆಯುತ್ತಿದ್ದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದರು. ಸೆಪ್ಟೆಂಬರ್ 13ರ ಬೆಳಗಿನ ಜಾವ ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದ ಮುಖ್ಯ ದಳ ಸೊಲ್ಲಾಪುರದಿಂದ ಹೊರಟಿತು. ಮೊದಲ ದಿನ ನಳದುರ್ಗ. 14ರಂದು ಉಮರ್ಗಾ ದಾಟಿ ರಾಜೇಶ್ವರ, ಬಸವಕಲ್ಯಾಣ ಮತ್ತು ಹುಮನಾಬಾದಿನ ನಡುವಿನ ಹೆದ್ದಾರಿಯ ಊರು. ದಾರಿಯುದ್ದಕ್ಕೂ ಹೊಂಚುಹಾಕಿ ಕೂತವರ ಮೇಲೆ ವಿಮಾನಗಳು ಗುಂಡು ಸುರಿದಿದ್ದವು. ಬೇಸಿಗೆಯಲ್ಲಿ ನಿರಾಶ್ರಿತರ ಗಾಡಿಗಳು ಪಶ್ಚಿಮಕ್ಕೆ ಹೋದ ಅದೇ ಸೀಮೆಯಲ್ಲಿ ಈಗ ಟ್ಯಾಂಕುಗಳು ಪೂರ್ವಕ್ಕೆ ಬಂದವು. 17ರಂದು ಬೀದರ ಕೈಗೆ ಬಂತು, ಅಂದು ಸಂಜೆಯೇ ನಿಜಾಮರು ಕದನವಿರಾಮ ಸಾರಿದರು. 18ರಂದು ನಿಜಾಮರ ಸೇನಾಪತಿ ಜನರಲ್ ಎಲ್ ಎಡ್ರೂಸ್ ಶರಣಾದರು. ಕೆಂಪುಕೋಟೆಯ ಮೇಲೆ ಆಸಫ್‌ಜಾಹಿ ಬಾವುಟ ಹಾರಿಸುತ್ತೇನೆಂದಿದ್ದ ಕಾಸಿಂ ರಜ್ವಿ ಜೈಲಿಗೆ ಹೋದ; 1957ರಲ್ಲಿ ಬಿಡುಗಡೆಯಾಗಿ ಕರಾಚಿಗೆ ಹೊರಟುಹೋದ. ಅವನ ಮಾತು ನಂಬಿ ಈಟಿ ಹಿಡಿದವರಿಗೆ, ಹಿಡಿಯದೆ ಸುಮ್ಮನಿದ್ದ ಅವರ ಅಣ್ಣತಮ್ಮಂದಿರಿಗೆ ಕರಾಚಿ ಇರಲಿಲ್ಲ.

ಎರಡನೇ ಅಧ್ಯಾಯ ಇಲ್ಲಿಂದ. ಸೈನ್ಯ ಮುಂದೆ ಹೋದಂತೆ ಹಿಂದೆ ಉಳಿದ ಹಳ್ಳಿಗಳಲ್ಲಿ ಸೇಡು ಎದ್ದಿತು. ಗಡಿಯಾಚೆಯಿಂದ ಬಂದ ಗುಂಪುಗಳು, ಶಿಬಿರದಿಂದ ಮರಳಿದವರು, ಊರಿನವರೇ ಕೆಲವರು ಸೇರಿ ಮುಸ್ಲಿಂ ಕೇರಿಗಳ ಮೇಲೆ ಬಿದ್ದರು. ರಜಾಕಾರ ಯಾರು, ಅಲ್ಲದವನು ಯಾರು ಎಂದು ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ನೆಹರೂ ಅವರ ಸೂಚನೆಯಂತೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ಸೌಹಾರ್ದ ನಿಯೋಗ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದಲ್ಲಿ ತಿರುಗಿತು. ಕಾರ್ಯಾಚರಣೆಯ ವೇಳೆ ಮತ್ತು ಆನಂತರ ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಅವರ ಅಂದಾಜು. ಅತಿ ಹೆಚ್ಚು ನಾಶವಾದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಹಿಂದಿನ ತಿಂಗಳುಗಳಲ್ಲಿ ರಜಾಕಾರರ ಕಾಟ ಹೆಚ್ಚಾಗಿದ್ದ ಜಿಲ್ಲೆಗಳೂ ಬಹುಮಟ್ಟಿಗೆ ಇವೇ. ರಜಾಕಾರರ ದೌರ್ಜನ್ಯವನ್ನು ನಿಯೋಗ ಮರೆಮಾಚಲಿಲ್ಲ. ತನಗೆ ಸಿಕ್ಕ ಒಳ್ಳೆಯ ಸುದ್ದಿಯನ್ನೂ ಬರೆಯಿತು: ಕೆಲವು ಕಡೆ ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಂ ನೇಕಾರರನ್ನು ಜೀವ ಒತ್ತೆಯಿಟ್ಟು ಕಾಪಾಡಿದ್ದರು.

ಸರ್ದಾರ್ ಪಟೇಲರು ಆ ವರದಿಯನ್ನು ಏಕಪಕ್ಷೀಯವೆಂದು ತಳ್ಳಿಹಾಕಿದರು. ಅದು ಪ್ರಕಟವಾಗದೆ ದಶಕಗಟ್ಟಲೆ ಕಡತದಲ್ಲಿ ಉಳಿಯಿತು. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾಮಾನ್ಯ ಓದುಗನಿಗೆ ಸಿಗುವಂತಾದದ್ದು 2013ರ ಹೊತ್ತಿಗೆ. ಅಂಕಿಗಳ ಬಗ್ಗೆ ಜಗಳ ಇನ್ನೂ ಇದೆ. ಮೂವರು ಮೂರು ವಾರದಲ್ಲಿ ಸಂಸ್ಥಾನದ ಹಳ್ಳಿಗಳನ್ನೆಲ್ಲ ಎಣಿಸಲು ಸಾಧ್ಯವೇ ಎಂಬುದು ಒಂದು ವಾದ. ಎ.ಜಿ. ನೂರಾನಿಯಂಥವರು ಹೈದರಾಬಾದಿನ ನಾಶವೆಂದೇ ಈ ಕಥೆಯನ್ನು ಬರೆದರು, ಕೆ.ಎಂ. ಮುನ್ಶಿ ಅದಕ್ಕೂ ಅರ್ಧ ಶತಮಾನ ಮುಂಚೆ ಒಂದು ಯುಗದ ಅಂತ್ಯವೆಂದು ಬರೆದಿದ್ದರು. ಇತ್ತೀಚಿನ ಸಂಶೋಧಕರು ನಿಜಾಮ–ದೆಹಲಿ ರಾಜಕೀಯವನ್ನು ಬದಿಗಿಟ್ಟು ಹಳ್ಳಿಯ ಮಟ್ಟದ ಹಿಂಸೆಯನ್ನು ಕೇಳಲು ತೊಡಗಿದ್ದಾರೆ. ಅವರ ದಾರಿಯೇ ಸರಿ ಎಂದು ನನ್ನ ಎಣಿಕೆ. ಏಕೆಂದರೆ ಧರ್ಮದ ಗೆರೆ ಕೂಡ ಪುಸ್ತಕದಲ್ಲಿದ್ದಷ್ಟು ನೇರವಾಗಿರಲಿಲ್ಲ. ದಲಿತ ನಾಯಕ ಬಿ.ಎಸ್. ವೆಂಕಟರಾವ್ ನಿಜಾಮರ ಪ್ರಧಾನಿ ಲಾಯಕ್ ಅಲಿ ಅವರ ಮಂತ್ರಿಮಂಡಲದಲ್ಲಿದ್ದರು. ಸವರ್ಣರ ರಾಜ್ಯಕ್ಕಿಂತ ನಿಜಾಮರದ್ದೇ ವಾಸಿ ಎಂದು ನಂಬಿದ ದಲಿತರು ಇದ್ದರು. ಶೋಯಬುಲ್ಲಾ ಖಾನರಂತೆ ಭಾರತದ ಪರ ನಿಂತ ಮುಸ್ಲಿಮರೂ ಇದ್ದರು. ಲೂಟಿಯ ಕಾಳಿಗೆ ಕೈಹಾಕುವಾಗ ಎಲ್ಲ ಜಾತಿಯ ಕೈಗಳೂ ಸೇರಿದ್ದವು.

ಮುಂದಿನ ಎಂಟು ವರ್ಷಗಳಲ್ಲಿ ಹಳ್ಳಿಯ ಮೇಲಿದ್ದ ಚಪ್ಪರವೇ ಬದಲಾಯಿತು. 1949ರಲ್ಲಿ ಸರ್ಫೇಖಾಸ್ ವಿಲೀನವಾಗಿ ಜಹಗೀರುಗಳು ರದ್ದಾದವು. ಕಲ್ಯಾಣಿಯ ನವಾಬರ ಆಡಳಿತ ಹಾಗೆ ಮುಗಿಯಿತು. 1950ರ ಗೇಣಿ ಕಾನೂನು ಕಾಗದದ ಮೇಲೆ ಉಳುವವನ ಕೈ ಹಿಡಿಯಿತು. 1952ರಲ್ಲಿ ಮೊದಲ ಚುನಾವಣೆ. ಆರ್ಯಸಮಾಜದ ಹೋರಾಟದಿಂದ ಬಂದ ಹುಮನಾಬಾದಿನ ರಾಮಚಂದ್ರ ವೀರಪ್ಪನವರು 1962ರಿಂದ ಬೀದರವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಲು ಆರಂಭಿಸಿದರು. 1956ರ ನವೆಂಬರ್ 1ರಂದು ಜಿಲ್ಲೆಯೇ ಒಡೆಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಪಾಲು ಆಂಧ್ರಕ್ಕೆ, ಬೀದರ, ಭಾಲ್ಕಿ, ಹುಮನಾಬಾದ್, ಕಲ್ಯಾಣಿ ಮೈಸೂರಿಗೆ. ಮೂರು ಭಾಷೆಗಳಲ್ಲಿ ಬದುಕಿದ್ದ ಜಿಲ್ಲೆ ಮೂರು ರಾಜ್ಯಗಳಾಯಿತು, ಬೀಗರು ನೆಂಟರು ಗಡಿಯಾಚೆಯವರಾದರು. ಕಲ್ಯಾಣಿ ಬಸವಕಲ್ಯಾಣವಾಯಿತು. ಉರ್ದು ಫಲಕದ ಹಿಂದೆ ಕನ್ನಡ ಕಲಿಸಿದ್ದ ಚನ್ನಬಸವ ಪಟ್ಟದ್ದೇವರು ಅಲ್ಲಿ ಹೊಸ ಅನುಭವ ಮಂಟಪ ಕಟ್ಟಿಸಲು ಜೋಳಿಗೆ ಹಿಡಿದು ಊರೂರು ತಿರುಗಿದರು.

ಗೋರಟಾದ ಹೆಸರು ಬಹುಕಾಲ ಬೀದರ ಜಿಲ್ಲೆ ದಾಟಲಿಲ್ಲ. ಬೆಂಗಳೂರಿನ ಪಠ್ಯಪುಸ್ತಕಕ್ಕೆ ಈಸೂರು, ವಿದುರಾಶ್ವತ್ಥ ಗೊತ್ತು. 1947ರ ಆಗಸ್ಟ್ 15ರ ನಂತರವೂ ಕರ್ನಾಟಕದ ಒಂದು ಭಾಗ ಸ್ವತಂತ್ರವಾಗಿರಲಿಲ್ಲ ಎಂಬುದು ಹಳೆ ಮೈಸೂರಿನ ಓದಿದವರಲ್ಲೂ ಬಹಳ ಜನಕ್ಕೆ ಗೊತ್ತಿರಲಿಲ್ಲ. 371(ಜೆ) ವಿಧಿಗಾಗಿ ನಡೆದ ಹೋರಾಟ ಮತ್ತು 2012ರ ಸಂವಿಧಾನ ತಿದ್ದುಪಡಿ ಈ ಭಾಗದ ಹಿಂದುಳಿದಿರುವಿಕೆಯ ಜೊತೆಗೆ ಅದರ ಬೇರೆಯೇ ಚರಿತ್ರೆಯನ್ನೂ ಮುನ್ನೆಲೆಗೆ ತಂದವು. 2023ರ ಮಾರ್ಚ್ 26ರಂದು, ವಿಧಾನಸಭಾ ಚುನಾವಣೆಗೆ ಇನ್ನೇನು ಕೆಲವು ವಾರ ಇರುವಾಗ, ಗೃಹ ಸಚಿವ ಅಮಿತ್ ಶಾ ಗೋರಟಾಕ್ಕೆ ಬಂದು 103 ಅಡಿ ಎತ್ತರದ ಕಂಬದ ಮೇಲೆ ರಾಷ್ಟ್ರಧ್ವಜ ಹಾರಿಸಿ ಹುತಾತ್ಮರ ಸ್ಮಾರಕವನ್ನೂ ಪಟೇಲರ ಪ್ರತಿಮೆಯನ್ನೂ ಉದ್ಘಾಟಿಸಿದರು. ಎಪ್ಪತ್ತೈದು ವರ್ಷ ಯಾವ ಸರ್ಕಾರಕ್ಕೂ ಬೇಡವಾಗಿದ್ದ ಹಳ್ಳಿಗೆ ಒಂದು ಸ್ಮಾರಕ ಬಂದದ್ದನ್ನು ಹಗುರ ಮಾಡುವಂತಿಲ್ಲ. ಹಿಂದಿನ ಪಕ್ಷಗಳು ಇದನ್ನು ಮಾಡದೆ ಬಿಟ್ಟದ್ದಕ್ಕೆ ಕಾರಣ ಮತದ ಲೆಕ್ಕ, ಶಾ ಅವರ ಪಕ್ಷ ಮಾಡಿದ್ದಕ್ಕೂ ಅದೇ ಲೆಕ್ಕ ಎಂದು ಭಾಲ್ಕಿ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಯಾರು ಬೇಕಾದರೂ ಹೇಳಿಯಾರು.

ಸೆಪ್ಟೆಂಬರಿನಲ್ಲಿ ಸತ್ತವರಿಗೆ ಈ ಜಿಲ್ಲೆಯಲ್ಲಿ ಅಂಥ ಕಂಬ ಇಲ್ಲ. ಪ್ರತಿವರ್ಷ ಸೆಪ್ಟೆಂಬರ್ 17ರಂದು, ಈಗ ಕಲ್ಯಾಣ ಕರ್ನಾಟಕ ಉತ್ಸವವೆಂದು ಕರೆಯುವ ದಿನ, ಬಸವಕಲ್ಯಾಣ ಮತ್ತು ಹುಮನಾಬಾದಿನ ತಾಲ್ಲೂಕು ಕಚೇರಿಗಳ ಮುಂದೆ ಬಾವುಟ ಏರುತ್ತದೆ, ಶಾಲೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಗೋರಟಾದ ಹೆಸರು ಭಾಷಣದಲ್ಲಿ ಬರುತ್ತದೆ. ಸುಂದರಲಾಲ್ ವರದಿಯ ಹೆಸರನ್ನು ಎತ್ತುವ ಭಾಷಣಕಾರ ಅಪರೂಪ. ಆ ಸಾಲಿನಲ್ಲಿ ನಿಂತ ಮಕ್ಕಳಲ್ಲಿ ಎರಡೂ ಕಡೆಯ ಮನೆತನಗಳ ಮರಿಮಕ್ಕಳಿರುತ್ತಾರೆ. ಮೇ ತಿಂಗಳ ಕಥೆ ಅಜ್ಜಿ ಹೇಳಿದ್ದು, ಸೆಪ್ಟೆಂಬರಿನ ಕಥೆ ನಾನಿ ಹೇಳಿದ್ದು, ಇವೆರಡನ್ನೂ ಊರಿನ ಹೆಸರು ಹಿಡಿದು ಒಂದೇ ಪುಸ್ತಕದಲ್ಲಿ ಕನ್ನಡದಲ್ಲಿ ಕೂಡಿಸುವ ಕೆಲಸಕ್ಕೆ ಕೈಹಾಕಬೇಕಾದವರು ಜಿಲ್ಲೆಯ ಕಾಲೇಜುಗಳ ಇತಿಹಾಸದ ಅಧ್ಯಾಪಕರು. ಅದನ್ನು ಹೇಳಬಲ್ಲ ಕೊನೆಯ ತಲೆಮಾರಿಗೆ ಈಗ ಎಂಬತ್ತು ದಾಟಿದೆ.